ಬಿಳಿನೆಲದಲ್ಲಿ ಉಳಿದ ನೆರಳು

ನನ್ನ ಗಂಡ ಮೋನಪ್ಪ ಸತ್ತ ಹೊತ್ತಿನಲ್ಲಿ ಅವನ ನೆರಳು ಊರ ಹೊರಗಿನ ಬಿಳಿನೆಲದಲ್ಲಿ ಒಂದು ಭಂಗಿ ಗಿಡದ ಮೇಲಿತ್ತು. ಬೇಸಿಗೆಯಲ್ಲಿ ಸಾಯುವವರಿಗೆ ನಮ್ಮ ಊರಿನಲ್ಲಿ ಹೀಗಾಗುವುದುಂಟು. ಮನೆಯವರು ಮರುದಿನ ಬೆಳಿಗ್ಗೆ ಹೋಗಿ ನೆರಳನ್ನು ಕರೆತಂದು, ಮಣ್ಣು ಮಾಡಿದ ಜಾಗದಲ್ಲಿ ಮಲಗಿಸಿ, ಕಲ್ಲು ಮುಚ್ಚಿ ಬರುತ್ತಾರೆ. ನಾನು ಮರುದಿನ ಕರೆತರಲಿಲ್ಲ. ಯಾಕೆ ಕರೆತರಲಿಲ್ಲ ಎನ್ನುವುದನ್ನು ಊರವರು ಇವತ್ತಿಗೂ ತಮಗೆ ತೋಚಿದ ಹಾಗೆ ಹೇಳುತ್ತಾರೆ. ನಡೆದದ್ದನ್ನು ನಾನು ಹೇಳುತ್ತೇನೆ.

ನಮ್ಮ ಊರ ನೆಲ ಬಿಳಿ. ಮೇಲೆ ಉಪ್ಪಿನ ಪದರು, ಒಂದು ಮೊಳ ಅಗೆದರೆ ಸುಣ್ಣದ ಗರಸು, ಅದರ ಕೆಳಗೆ ಗುದ್ದಲಿಯಿಂದ ಕಿಡಿ ಹಾರಿಸುವ ಕಲ್ಲು. ಮಳೆ ಬಂದರೆ ಕಾಲು ಕೀಳಲಿಕ್ಕೆ ಬಿಡದ ಅಂಟು, ಬಿಸಿಲು ಬಿದ್ದರೆ ಕಾದ ಹೆಂಚು. ಬೇವಿನ ಸಸಿಯೂ ಒಂದೆರಡು ವರ್ಷ ಬದುಕಿದಂತೆ ಮಾಡಿ ತುದಿಯಿಂದ ಒಣಗಿಬಿಡುತ್ತಿತ್ತು. ಹಾಗಾಗಿ ಊರಲ್ಲಿ ಮರವೇ ಇರಲಿಲ್ಲ. ಎಳೆಯ ಗಿಡಕ್ಕೆ ನೆರಳು ಬೇಕೆಂದರೆ ಮನುಷ್ಯರೇ ಕೊಡಬೇಕಿತ್ತು. ಬೆಳಿಗ್ಗೆ ನೀರು ಹಾಕಿ, ಗಿಡದ ಮಗ್ಗುಲಲ್ಲಿ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತು, ಎದ್ದು ಹಿಂದೆ ನೋಡದೆ ಬಂದರೆ ನೆರಳು ಅಲ್ಲೇ ಉಳಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಹೋಗಿ ನಿಂತರೆ ತಾನಾಗಿ ಬಂದು ಕಾಲಿಗೆ ಹತ್ತಿಕೊಳ್ಳುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನಮ್ಮ ಬಜಾರಿನಲ್ಲಿ ಅರ್ಧಕ್ಕರ್ಧ ಜನ ನೆರಳಿಲ್ಲದೆ ಓಡಾಡುತ್ತಿದ್ದರು. ಬಸ್ಸಿಳಿದ ಪರ ಊರಿನವರು ನೆಲ ನೋಡುತ್ತಿದ್ದರು, ನಮ್ಮ ಮುಖ ನೋಡುತ್ತಿದ್ದರು, ಚಹಾ ಕುಡಿದು ಮುಂದಿನ ಬಸ್ಸು ಹತ್ತುತ್ತಿದ್ದರು. ನೆರಳಿಲ್ಲದಾಗ ಬಾಯಿ ಒಣಗುತ್ತದೆ, ಸಿಟ್ಟು ಬೇಗ ಬರುತ್ತದೆ. ಅದಕ್ಕೇ ಮದುವೆಯ ಮಾತು, ಜಗಳದ ಪಂಚಾಯಿತಿ ಎಲ್ಲವೂ ಬೆಳಗಿನ ಹೊತ್ತು, ಇಲ್ಲವೇ ಸಂಜೆ ನೆರಳು ಮನೆಗೆ ಬಂದ ಮೇಲೆ.

ಆ ನೆಲದಲ್ಲಿ ಊರವರು ಹಟ ಹಿಡಿದು ಬೆಳೆಸುತ್ತಿದ್ದದ್ದು ಭಂಗಿಯನ್ನು. ಬೇರೆ ಕಡೆ ಅದಕ್ಕೆ ಗಾಂಜಾ ಎಂದು ದನಿ ತಗ್ಗಿಸಿ ಹೇಳುತ್ತಾರಂತೆ. ನಮ್ಮಲ್ಲಿ ಅದು ಸೇದಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ. ವಾಸಿಯಾಗದ ಬೇನೆ ಬಂದು, ಡಾಕ್ಟರು ಮನೆಗೆ ಕರಕೊಂಡು ಹೋಗಿ ಎಂದು ಕೈ ಚೆಲ್ಲಿದರೆ, ಆ ಮನುಷ್ಯರ ಹೆಸರಿನಲ್ಲಿ ಬಿಳಿನೆಲದಲ್ಲಿ ಒಂದು ಗುಣಿ ಅಗೆಯುತ್ತಿದ್ದರು. ಗುಣಿಗೆ ಕೆರೆಯ ಗೋಡುಮಣ್ಣು ತುಂಬಿ, ಕುರಿಹಿಕ್ಕೆ ಬೆರೆಸಿ, ಬೀಜ ಊರಿ, ತೇವ ಹಾರದಂತೆ ಮೇಲೆ ಶೇಂಗಾ ಹೊಟ್ಟು ಹರಡುತ್ತಿದ್ದರು. ಹೂ ಬಂದ ಮೇಲೆ ಅದನ್ನು ತುಪ್ಪದಲ್ಲಿ ಕಾಯಿಸಿ ನೋವಿನವರಿಗೆ ಕೊಡುವ ಕೆಲಸ ಹುಲಿಗೆಮ್ಮ ಆಯಿಯದು. ಬೇನೆ ಹೋಗುತ್ತಿರಲಿಲ್ಲ, ನೋವು ದೂರ ಸರಿಯುತ್ತಿತ್ತು. ಮಲಗಿದವರು ಮಕ್ಕಳ ಗುರುತು ಹಿಡಿದು ಮಾತಾಡಿ, ಉಂಡು, ನಿದ್ದೆ ಮಾಡಿ ಹೋಗುತ್ತಿದ್ದರು. ಒಂದು ಗಿಡಕ್ಕೆ ಒಬ್ಬರದೇ ನೆರಳು ಬೇಕಿತ್ತು. ನಡುವೆ ನೆರಳು ಬದಲಾದರೆ ಗಿಡ ಒಪ್ಪುತ್ತಿರಲಿಲ್ಲ, ಒಣಗಿ ಹೋಗುತ್ತಿತ್ತು. ಹೂ ಕಟ್ಟುವ ತನಕ ಆ ನೆರಳು ತಪ್ಪುವ ಹಾಗಿರಲಿಲ್ಲ.

ಆ ವರ್ಷ ನನ್ನ ನೆಗೆಣ್ಣಿ ಸಾಬಮ್ಮನ ಹೆಸರಿನಲ್ಲಿ ಗುಣಿ ಅಗೆದರು. ಸಾಬಮ್ಮ ಎಂದರೆ ಮೋನಪ್ಪನ ಅಣ್ಣ ಮರೆಪ್ಪನ ಹೆಂಡತಿ. ಅವಳ ಎದೆಯಲ್ಲಿ ಗಂಟಾಗಿ, ಗಂಟು ಒಡೆದು ಹುಣ್ಣಾಗಿತ್ತು. ನಮ್ಮದು ಅವರದು ಒಂದೇ ಮನೆ, ನಡುವೆ ಒಂದು ಗೋಡೆ. ಅವಳು ನರಳುವುದು ನನಗೆ ಅಡುಗೆ ಮಾಡುವಾಗಲೂ ಕೇಳಿಸುತ್ತಿತ್ತು. ಆದರೂ ನಾನು ಗೋಡೆಯ ಆ ಕಡೆ ಕಾಲಿಟ್ಟಿರಲಿಲ್ಲ. ನನಗೆ ಮಕ್ಕಳಾಗಲಿಲ್ಲ. ಕೆಲವು ವರ್ಷದ ಹಿಂದೆ ಪರ ಊರಿಗೆ ಕೊಟ್ಟ ಅವಳ ಒಬ್ಬಳೇ ಮಗಳ ಕೂಸಿನ ತೊಟ್ಟಿಲ ದಿನ ನಾನು ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದಾಗ, ನೆರೆದ ಹೆಂಗಸರೆಲ್ಲರ ಮುಂದೆ "ನೀ ಬ್ಯಾಡ ತಾಯಮ್ಮ, ಈಚಿಗಿ ಸರಿ" ಅಂದಿದ್ದಳು. ಅಷ್ಟೇ ಮಾತು. ಅವತ್ತಿನಿಂದ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಮೋನಪ್ಪ ತಗಡಿನ ಕೆಲಸದವನು. ಬಜಾರಿನ ಸಂದಿಯಲ್ಲಿ ಒಂದು ಕತ್ತಲೆ ಅಂಗಡಿ. ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕುವುದು, ಎಣ್ಣೆ ಡಬ್ಬಿ ಕತ್ತರಿಸಿ ಮೊರ ಮಾಡುವುದು, ಹೀಗೆ ದಿನವಿಡೀ ಒಳಗೆ ಕೂತು ಮಾಡುವ ಕೆಲಸ. ಆಳು ದೊಡ್ಡವನು, ಭುಜ ಅಗಲ, ನೆರಳೂ ಅಷ್ಟೇ ಅಗಲ. ಅವನು ನನ್ನನ್ನು ಕೇಳದೆ ತನ್ನ ನೆರಳನ್ನು ಸಾಬಮ್ಮನ ಗಿಡಕ್ಕೆ ಕೊಟ್ಟು ಬಂದಿದ್ದ. ಗೊತ್ತಾದ ದಿನ ನಾನು ಸುಮ್ಮನಿರಲಿಲ್ಲ.

"ಆಕಿ ಗಿಡಕ್ಕ ನಿಮ್ಮದೇ ನೆರಳು ಬೇಕಾಗಿತ್ತೇನು? ಊರಾಗ ಮತ್ತ ಯಾರೂ ಇರಲಿಲ್ಲ?"

"ಅಣ್ಣಂದು ಕಲ್ಲು ಒಡೆಯೋ ಕೆಲಸ. ಬಿಸಲಾಗ ನೆರಳಿಲ್ದ ಹ್ಯಾಂಗ ದುಡಿತಾನ?" ಅಂದ ಮೋನಪ್ಪ. ಗೋಡೆಯ ಕಡೆ ನೋಡಿ, "ಅತ್ತಿಗಿ ನೋವಿಲೆ ಒದರ್ತಾಳ, ನಿನಗ ಕೇಳಸಲ್ಲೇನು ತಾಯಮ್ಮ?" ಅಂದ. ನಾನು ಎದ್ದು ಒಲೆಯ ಮುಂದೆ ಕೂತೆ. ಅವನೂ ಮತ್ತೆ ಆ ಮಾತು ಎತ್ತಲಿಲ್ಲ.

ಹೋಳಿ ಮುಗಿದು ಬಿಸಿಗಾಳಿ ಶುರುವಾದ ವಾರ ಅದು. ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಅಂಗಡಿಗೆ ಹೋದೆ. ಬೆಸುಗೆಯ ಕೋಲು ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯುತ್ತಿತ್ತು. ಅವನು ಗೋಡೆಗೆ ಒರಗಿ ಕೂತಿದ್ದ, ಮಡಿಲಲ್ಲಿ ಯಾರದೋ ಕೊಡ. ಕಣ್ಣು ಹತ್ತಿದೆ ಅಂದುಕೊಂಡು ಕರೆದೆ. ಭುಜ ಮುಟ್ಟಿದಾಗ ಕೊಡ ಉರುಳಿ ಬಾಗಿಲ ತನಕ ಹೋಯಿತು. ನಾನು ಮೊದಲು ಮಾಡಿದ್ದು ಆ ಕೊಡವನ್ನು ಎತ್ತಿ ಸರಿಯಾಗಿ ಇಟ್ಟದ್ದು. ಆಮೇಲೆ ಕೂಗಿಕೊಂಡೆ ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಬೇಸಿಗೆಯಲ್ಲಿ ಇಟ್ಟುಕೊಂಡು ಕೂರುವ ಹಾಗಿಲ್ಲ. ಅವತ್ತೇ ಸಂಜೆ ಮಣ್ಣು ಮಾಡಿದರು. ತಲೆಯ ಕಡೆಯ ಒಂದು ಕಲ್ಲನ್ನು ಮಾತ್ರ ನೆರಳಿಗಾಗಿ ಇಡದೆ ಬಿಟ್ಟರು. ನೆರಳು ಸೇರುವ ತನಕ ಸತ್ತವನು ಪೂರ್ತಿ ಸತ್ತಂತಲ್ಲ. ಹೆಂಡತಿಯ ಕುಂಕುಮ ಒರೆಸುವುದಿಲ್ಲ, ಬಳೆ ತೆಗೆಯುವುದಿಲ್ಲ, ಮನೆಯಲ್ಲಿ ಒಗ್ಗರಣೆಯ ವಾಸನೆ ಏಳುವುದಿಲ್ಲ. ಎಲ್ಲರ ಮನೆಯಲ್ಲೂ ಅದು ಒಂದು ರಾತ್ರಿಯ ಮಾತು.

ಬೆಳಗಾಗುತ್ತಲೇ ಭಾವ ಮರೆಪ್ಪ ಬಾಗಿಲಿಗೆ ಬಂದು ನಿಂತ. ನೆರಳು ಬರುವುದು ಹೆಂಡತಿ ಇದ್ದರೆ ಹೆಂಡತಿಯ ಹಿಂದೆಯೇ, ಹಾಗಾಗಿ ನಾನು ಹೋಗಬೇಕಿತ್ತು. ಬಿಳಿನೆಲದಲ್ಲಿ ಹುಲಿಗೆಮ್ಮ ಆಯಿ ಮೊದಲೇ ಬಂದು ಕೂತಿದ್ದಳು. ಬಿಸಿಗಾಳಿಗೆ ಬೇರೆ ಗುಣಿಗಳಲ್ಲಿದ್ದ ಗಿಡಗಳೆಲ್ಲ, ನೆರಳು ಸಾಲದೆ, ಸುಟ್ಟು ಕಡ್ಡಿಯಾಗಿದ್ದವು. ಒಂದು ಗಿಡ ಮಾತ್ರ ಹಸಿರಿತ್ತು. ಗೇಣೆತ್ತರ, ಬೆರಳು ಬಿಡಿಸಿದಂಥ ಎಲೆ. ಅದರ ಮೇಲೆ ನನ್ನ ಗಂಡನ ನೆರಳು ಕೂತ ಹಾಗೆಯೇ ಕೂತಿತ್ತು. ಬದುಕಿದವರ ನೆರಳು ಸೂರ್ಯನ ಜೊತೆ ಉದ್ದ ಗಿಡ್ಡ ಆಗುತ್ತದೆ. ಇದು ಆಗಿರಲಿಲ್ಲ. ಬಾಗಿದ ಬೆನ್ನು, ಅಗಲ ಭುಜ, ಮೊಣಕಾಲ ಮೇಲೆ ಇಟ್ಟ ಕೈ, ಎಲ್ಲಾ ಹಾಗೇ ಇತ್ತು.

"ತಾಯಮ್ಮ, ಕರೀ" ಅಂದ ಭಾವ.

ಆಯಿ ನೆಲ ನೋಡುತ್ತಲೇ ಹೇಳಿದಳು: "ಕರದ್ರ ಇದು ನಾಳಿ ಸಂಜಿಗೆ ಕಡ್ಡಿ ಆಗ್ತದ. ಹೇಳೋದು ನನ್ನ ಕೆಲಸ, ಹೇಳೀನಿ. ಮುಂದಿಂದು ನಿಮ್ಮ ಮನಿ ಮಾತು."

"ಕಡ್ಡಿ ಆಗಲಿ" ಅಂದ ಭಾವ. "ನನ್ನ ತಮ್ಮ ನೆರಳಿಲ್ದ ಮಲಗೋದು ಬ್ಯಾಡ. ನನ್ನ ಹೇಣ್ತಿ ನೋವು ನಾ ನೋಡ್ಕೋತೀನಿ." ಹೀಗೆ ಹೇಳಿ ಅವನು ಬೆನ್ನು ತಿರುಗಿಸಿ ನಿಂತ. ಹೆಗಲ ಮೇಲಿನ ಟವೆಲನ್ನು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

ಕರೆಯುವ ಮಾತು ಹೆಚ್ಚೇನಿಲ್ಲ. 'ಬರ್ರಿ, ಮನಿಗೆ ಹೋಗಮಿ' ಅಂದು ತಿರುಗಿ ನಡೆದರೆ ಆಯಿತು. ನಾನು ಹತ್ತಿರ ಹೋದೆ. ಅಷ್ಟರಲ್ಲೇ ಬಿಸಿಲೇರಿ ನೆಲ ಅಂಗಾಲು ಸುಡುತ್ತಿತ್ತು. ಸುಡುವುದು ತಾಳದೆ ಒಂದು ಹೆಜ್ಜೆ ನೆರಳಿನೊಳಗೆ ಇಟ್ಟೆ. ಅಲ್ಲಿ ತಂಪಿತ್ತು. ಹಾಗೇ ಕೂತುಬಿಟ್ಟೆ. ಅಷ್ಟು ವರ್ಷ ಸಂಸಾರ ಮಾಡಿ ನಾನು ಒಂದು ದಿನವೂ ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವಾಗ, ಅವನ ಮಗ್ಗುಲಲ್ಲಿ ಕೂತವಳಲ್ಲ. ಗಿಡ ನನ್ನ ಮೊಣಕೈಗೆ ತಾಗುತ್ತಿತ್ತು. ಅದರ ಎಲೆಯ ಮೇಲೆ ಒಂದು ಇರುವೆ ನಿಧಾನಕ್ಕೆ ಹತ್ತುತ್ತಿತ್ತು, ಅವಸರವೇ ಇಲ್ಲ ಅದಕ್ಕೆ. ನೆರಳಿನ ಹೊರಗೆ ಒಂದು ಇರುವೆಯೂ ಇರಲಿಲ್ಲ.

"ಭಾವ, ನನಗೆ ಕರೆಯಾಕ ಬಾಯಿ ಬರವಲ್ದು" ಅಂದೆ.

"ನಾಳಿ ಬರಮಿ?"

"ನಾಳಿ ಅಲ್ರಿ. ಹೂ ಬಂದ ಮ್ಯಾಲ."

ಭಾವ ತಿರುಗಿ ನನ್ನನ್ನು ನೋಡಿದ. ಏನೋ ಹೇಳಲಿಕ್ಕೆ ಬಾಯಿ ತೆರೆದ. ಆಯಿ ಕೈ ಎತ್ತಿ ಅವನನ್ನು ತಡೆದಳು. ನಾನು ಅದನ್ನು ಸಾಬಮ್ಮನ ಸಲುವಾಗಿ ಹೇಳಿದೆ ಎಂದು ಊರವರು ನಂತರ ನನ್ನನ್ನು ಹೊಗಳಿದ್ದುಂಟು. ಹಾಗೇನಿಲ್ಲ. ಆ ತಂಪಿನಿಂದ ಎದ್ದು, ಅದನ್ನು ಕರೆದುಕೊಂಡು ಹೋಗಿ ಕಲ್ಲಿನ ಕೆಳಗೆ ಹಾಕಲಿಕ್ಕೆ ನನ್ನಿಂದ ಆಗಲಿಲ್ಲ. ಸಾಬಮ್ಮನ ಗಿಡ ಬದುಕುತ್ತದೆ ಎನ್ನುವುದೂ ಮನಸ್ಸಿನಲ್ಲಿತ್ತು. ಎರಡರಲ್ಲಿ ಯಾವುದು ಎಷ್ಟು ಎಂದು ನಾನು ತೂಗಿ ನೋಡಿಲ್ಲ.

ಊರು ನನ್ನ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ತಿಳಿಯದೆ ಒದ್ದಾಡಿತು. ನನ್ನ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ, ಮನೆಯಲ್ಲಿ ಗಂಡನಿಲ್ಲ. ಮದುವೆಯ ಮನೆಯವರು ಬಾಗಿಲ ತನಕ ಬಂದು ಅಕ್ಷತೆ ಕೈಯಲ್ಲಿ ಹಿಡಿದು ನಿಂತು, ಕುಡಿಯಲಿಕ್ಕೆ ನೀರು ಕೇಳಿ, ಕುಡಿದು ಹೋಗುತ್ತಿದ್ದರು. ನಳದ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸತ್ತವರ ಮನೆಯ ಹೆಂಗಸೆಂದು ಸಾಂತ್ವನ ಹೇಳಲಿಕ್ಕೂ ಆಗದು, ಮುತ್ತೈದೆಯೆಂದು ನಗಿಸಲಿಕ್ಕೂ ಆಗದು. ಊರ ಹಿರಿಯ ಚಂದ್ರಾಮಪ್ಪ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದರು, "ಹೆಣ್ಣುಮಗಳು ಒಂದು ಕಡಿ ಆಗಬೇಕವ್ವ. ಹಿಂಗ ಹೊಸ್ತಿಲ ಮ್ಯಾಲ ನಿಂತ್ರ ಒಳಗಿನೋರಿಗೂ ತ್ರಾಸು, ಹೊರಗಿನೋರಿಗೂ ತ್ರಾಸು."

"ಆಗ್ತೀನ್ರಿ ಯಜಮಾನ್ರ. ಗಿಡಕ್ಕ ಇನ್ನಾ ಟೈಮ್ ಬೇಕು."

"ಗಿಡ ಗಂಡಾದ್ರ?" ಅಂದರು ಅವರು.

ಅದು ಎಲ್ಲರಿಗೂ ಗೊತ್ತಿದ್ದ ಭಯ. ಭಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಔಷಧಕ್ಕೆ ಬರುವುದು ಹೆಣ್ಣು ಗಿಡದ ಹೂವೇ. ಮಳೆಗಾಲ ಮುಗಿಯುತ್ತ ಬರುವ ತನಕ ಯಾವುದೆಂದು ಗುರುತು ಸಿಗುವುದಿಲ್ಲ. ಗಂಡಾದರೆ ಕಿತ್ತು ಬಿಸಾಡುವುದೊಂದೇ ದಾರಿ. 

ಗಿಡಕ್ಕೆ ದಿನಾ ಬೆಳಿಗ್ಗೆ ನಾನೇ ನೀರು ಹೊರುತ್ತಿದ್ದೆ. ಸಿಹಿನೀರು ದೂರದ ಬಾವಿಯಿಂದ ತರಬೇಕು, ನಮ್ಮ ನಳದ ನೀರು ಉಪ್ಪು. ನೀರು ಹಾಕಿ, ಹೊಟ್ಟು ಸರಿ ಮಾಡಿ, ಅವನ ನೆರಳಿನಲ್ಲಿ ಕೂತು ಬರುತ್ತಿದ್ದೆ. ಮಾತಾಡುತ್ತಿರಲಿಲ್ಲ. ಮನೆಯಲ್ಲಿದ್ದಾಗಲೂ ನಮ್ಮಿಬ್ಬರ ನಡುವೆ ಮಾತು ಕಡಿಮೆ.

ಸಾಬಮ್ಮನಿಗೆ ವಿಷಯ ತಿಳಿಸಿದ್ದು ಯಾರೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಅವಳ ದನಿ ಕೇಳಿತು, ನರಳುವುದಲ್ಲ, ನನ್ನ ಹೆಸರು. "ತಾಯಮ್ಮಾ. ಏ ತಾಯಮ್ಮಾ." ಸುಮ್ಮನೆ ಕೂತೆ. ಮತ್ತೆ ಕರೆದಳು. ಕರೆಯುವುದಕ್ಕೇ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಎದ್ದು ಹೋದೆ. ಅಷ್ಟು ವರ್ಷದ ಮೇಲೆ ಆ ಹೊಸ್ತಿಲು ದಾಟುವಾಗ ತಲೆ ಬಾಗಿಸಬೇಕೆಂದು ಮರೆತು, ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡೆ.

ಅವಳು ಮಂಚದ ಮೇಲೆ ಗೋಡೆಗೆ ಒರಗಿದ್ದಳು. ದಪ್ಪ ಹೆಂಗಸು, ಕುಪ್ಪಸ ಬಿಗಿಯಾಯಿತೆಂದು ಯಾವಾಗಲೂ ದರ್ಜಿಯನ್ನು ಬೈಯುತ್ತಿದ್ದವಳು. ಈಗ ಸೀರೆಯೊಳಗೆ ಏನೂ ಇರಲಿಲ್ಲ. ಕೋಣೆಯಲ್ಲಿ ಹುಣ್ಣಿನ ವಾಸನೆ.

"ಅವನ್ನ ಬಿಸಲಾಗ ನಿಂದರಿಸಿಯಂತಲ್ಲ" ಅಂದಳು. "ನನ್ನ ಸಲುವಾಗಿ. ಯಾರು ಹೇಳ್ಯಾರ ನಿನಗ? ನಾ ಕೇಳೀನೇನು?"

"ನೀವು ಕೇಳಿಲ್ಲ."

"ಮತ್ತ ಹೋಗು, ಕರಕೊಂಡು ಬಾ. ನಾ ಹ್ಯಾಂಗೂ ಹೋಗಾಕಿ. ಹೋಗೋದು ಹೋಗೋದೇ, ಒದರಿಕೋತ ಹೋದ್ರೇನು, ಸುಮ್ಮ ಹೋದ್ರೇನು?" ಅಷ್ಟು ಹೇಳುವಷ್ಟರಲ್ಲಿ ನೋವು ಬಂದಿತು. ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ನಾನು ನೋಡುತ್ತ ನಿಂತೆ. ಗೋಡೆಯಾಚೆಯಿಂದ ಕೇಳುವುದೇ ಬೇರೆ, ನೋಡುವುದೇ ಬೇರೆ. ಅವಳ ಕೈ ಮಂಚದ ಪಟ್ಟಿಯನ್ನು ಹುಡುಕುತ್ತಿತ್ತು. ನಾನು ನನ್ನ ಕೈ ಕೊಟ್ಟೆ. ಬೆರಳು ಮುರಿಯುವ ಹಾಗೆ ಹಿಡಿದುಕೊಂಡಳು.

ನೋವು ಇಳಿದ ಮೇಲೆ ಕೈ ಬಿಡದೆ ಹೇಳಿದಳು. "ಆ ತೊಟ್ಟಿಲ ದಿನ ಅಂದಿದ್ದು. ಅಂದ ಕೂಡಲೆ ನನಗ ಗೊತ್ತಾಗಿತ್ತು. ಹಿಂದಕ್ಕ ತಗೊಳ್ಳಾಕ ಬಾಯಿ ಬರಲಿಲ್ಲ ನೋಡು."

"ಬಿಡ್ರಿ ಅಕ್ಕ, ಈಗ್ಯಾಕ ಅದು."

"ಈಗಲ್ದ ಮತ್ತ್ಯಾವಾಗ?"

ಆ ದಿನದಿಂದ ಅವಳ ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು ನನ್ನ ಕೆಲಸವಾಯಿತು. ನೆರಳು ಕರೆತಾ ಎಂದು ದಿನಾ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಬೆಳಿಗ್ಗೆ ಬಿಳಿನೆಲಕ್ಕೆ ಹೋಗಿ ಬಂದಾಗ, "ಎಷ್ಟುದ್ದ ಆತು?" ಎಂದೂ ಅವಳೇ ಕೇಳುತ್ತಿದ್ದಳು. ನಾನು ಕೈಯಿಂದ ತೋರಿಸುತ್ತಿದ್ದೆ. ಮೊಣಕಾಲಿಗೆ. ಸೊಂಟಕ್ಕೆ.

ಮಳೆಗಾಲದ ಮೊದಲ ಮೋಡ ನಮಗೆ ಮೋಸ ಮಾಡಿತು. ನಾಲ್ಕು ಹನಿ ಸುರಿಸಿ ಹೋಯಿತು. ಅಂಥ ಅರ್ಧ ಮಳೆ ಸವಳು ನೆಲಕ್ಕೆ ಬಿಸಿಲಿಗಿಂತ ಕೆಟ್ಟದ್ದು. ಕೆಳಗಿನ ಉಪ್ಪೆಲ್ಲ ತೇವದ ಜೊತೆ ಮೇಲೆ ಬರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಗುಣಿಯ ಸುತ್ತ ನೆಲ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು, ಗಿಡದ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದಿತ್ತು. ಆಯಿ ಬಂದು ನೋಡಿದಳು. "ನೀರು ಬೇಕು, ಬರೇ ಸಿಹಿನೀರು. ಉಪ್ಪು ಕೆಳಗ ಇಳಿಯೋ ತನಾ ಹಾಕಬೇಕು. ನಿಮ್ಮಿಬ್ಬರಿಂದ ಆಗೋ ಕೆಲಸ ಅಲ್ಲಿದು" ಅಂದಳು.

ಭಾವ ಕಲ್ಲಿನ ಕೆಲಸ ಬಿಟ್ಟು ಬಂದ. ನಾನೂ ಅವನೂ ಮೇಲಿನ ಬಿಳಿ ಪದರನ್ನು ಕೆರೆದು ಬುಟ್ಟಿಯಲ್ಲಿ ತುಂಬಿ ದೂರ ಚೆಲ್ಲಿದೆವು. ನೀರಿಗೆ ಬಾವಿಯ ದಾರಿ ಹಿಡಿದೆವು. ಎರಡನೇ ಸಲ ಕೊಡ ಹೊತ್ತು ಬರುವಾಗ ನಳದ ಹತ್ತಿರ ಮಾತು ನಿಲ್ಲಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಬಡಿಗೇರ ಮನೆಯ ಸೊಸೆ, ಏನೂ ಹೇಳದೆ ತನ್ನ ಕೊಡ ಎತ್ತಿಕೊಂಡು ನನ್ನ ಹಿಂದೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಬಾವಿಯಿಂದ ಬಿಳಿನೆಲದ ತನಕ ಹೆಂಗಸರ ಸಾಲಾಗಿತ್ತು. ಅವರು ನೀರು ಸುರಿಯುವಾಗ ಮೋನಪ್ಪನ ನೆರಳನ್ನು ತುಳಿಯದಂತೆ ಸುತ್ತು ಹಾಕಿ ಬರುತ್ತಿದ್ದರು. ಚಂದ್ರಾಮಪ್ಪನವರು ತಮ್ಮ ಮನೆಯ ಬಂಡಿಯಲ್ಲಿ ಕೆರೆಯ ಗೋಡುಮಣ್ಣು ಕಳಿಸಿದರು. ಅವರು ಬರಲಿಲ್ಲ.

ಆಮೇಲೆ ನಿಜವಾದ ಮಳೆ ಬಂತು. ಮೋಡ ಕವಿದ ದಿನಗಳಲ್ಲಿ ನೆರಳು ಕಾಣುತ್ತಿರಲಿಲ್ಲ. ಕಾಣದಿದ್ದರೂ ಕೂತ ಜಾಗ ನನಗೆ ಗೊತ್ತಿತ್ತು. ಗಿಡ ನನ್ನ ಎದೆಯ ಎತ್ತರ ಬೆಳೆಯಿತು, ತೋಳು ಬೀಸಿದ ಹಾಗೆ ಕೊಂಬೆ ಚಾಚಿತು. ಮೋಡ ಹರಿದು ಬಿಸಿಲು ಬಿದ್ದಾಗ ನೋಡಿದರೆ ಗಿಡದ್ದೂ ಒಂದು ನೆರಳು ಆಗಿತ್ತು. ಅವನದು ಎಲ್ಲಿ ಮುಗಿಯುತ್ತದೆ, ಅದರದು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಾಯಿತು.

ಮಳೆ ಹಿಂದಾಗಿ ಹಿಂಗಾರಿ ಜೋಳ ಬಿತ್ತುವವರು ಹೊಲಕ್ಕಿಳಿದ ಕಾಲಕ್ಕೆ ಗುರುತು ಕಾಣಿಸಿತು. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು, ಕೊಂಬೆಯ ಗೆಣ್ಣುಗೆಣ್ಣಿಗೂ ಬಗ್ಗಿ ನೋಡಿದಳು. ಭಾವ ದೂರ ನಿಂತಿದ್ದ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಒಂದು ಗೆಣ್ಣಿನ ಸಂದಿಯಲ್ಲಿ ಎರಡು ಬಿಳಿ ಎಳೆ ತೋರಿಸಿದಳು, ಕೂದಲಿಗಿಂತ ತೆಳ್ಳಗೆ. "ಹೆಣ್ಣು" ಅಂದಳು. ಭಾವ ಇದ್ದಲ್ಲೇ ಕುಸಿದು ಕೂತ. ನಾನು ಮನೆಗೆ ಹೋಗಿ ಹೇಳಿದಾಗ ಸಾಬಮ್ಮ, "ನಿನಗೊಂದು ಹೆಣ್ಣು ಹುಟ್ಟಿದಂಗ ಆತು ಬಿಡು" ಅಂದಳು. ಅಂದವಳೇ ಗಾಬರಿಯಿಂದ ನನ್ನ ಮುಖ ನೋಡಿದಳು. ನನಗೆ ನಗು ಬಂತು. ಅವಳು ನಗಲಿಕ್ಕೆ ಹೋಗಿ ಎದೆ ಹಿಡಿದುಕೊಂಡಳು.

ಚಳಿಯ ಮೊದಲ ಗಾಳಿಗೆ ಹೂ ಗೊಂಚಲು ಕಟ್ಟಿತು, ಅಂಟು ಬಂತು, ವಾಸನೆ ಊರ ಅಂಚಿನ ಮನೆಗಳ ತನಕ ಬರುತ್ತಿತ್ತು. ಆಯಿ ಕೊಯ್ದು, ಒಣಗಿಸಿ, ತುಪ್ಪದಲ್ಲಿ ಕಾಯಿಸಿ ತಂದಳು. ಕಡಲೆಕಾಳಿನಷ್ಟು ನಾಲಿಗೆಯ ಮೇಲಿಟ್ಟಳು. ನಾವು ಮೂವರೂ ಮಂಚದ ಸುತ್ತ ಕೂತು ಕಾದೆವು. ಸಾಬಮ್ಮ ಬಾಗಿಲಾಚೆ ಹೋಗುವ ಒಂದು ಆಡನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಹಣೆಯ ಗಂಟು ಬಿಚ್ಚಿತು. ಮಂಚದ ಪಟ್ಟಿ ಹಿಡಿದಿದ್ದ ಕೈ ಸಡಿಲವಾಗಿ ಮಡಿಲಿಗೆ ಬಿತ್ತು. "ಎಷ್ಟು ದಿನದ ಮ್ಯಾಲ" ಅಂದಳು. ಹಾಗೇ ನಿದ್ದೆ ಹೋದಳು. ಭಾವ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವಳ ಉಸಿರು ಎಳೆಗೂಸಿನ ಉಸಿರಿನ ಹಾಗೆ ಸಮನಾಗಿತ್ತು. ಮರುದಿನ ಎದ್ದವಳು ಉಳ್ಳಾಗಡ್ಡಿ ಚಟ್ನಿ, ರೊಟ್ಟಿ ಕೇಳಿದಳು.

ಅವಳು ಉಂಡದ್ದನ್ನು ಕಣ್ಣಾರೆ ನೋಡಿದ ಮೇಲೆ ನಾನು ಬಿಳಿನೆಲಕ್ಕೆ ಹೋದೆ. ಇನ್ನು ತಡ ಮಾಡಲಿಕ್ಕೆ ನನ್ನ ಹತ್ತಿರ ಕಾರಣವಿರಲಿಲ್ಲ. ಗಿಡ ಕೊಯ್ದ ಜಾಗದಲ್ಲಿ ಮೋಟು ಮಾತ್ರ ಇತ್ತು. ಗಿಡದ ನೆರಳು ಹೋಗಿ ಅವನದು ಒಂದೇ ಉಳಿದಿತ್ತು, ಏನನ್ನೂ ಕಾಯದೆ ಕೂತಿತ್ತು. ನೋಡಲಿಕ್ಕಾಗಲಿಲ್ಲ. "ಬರ್ರಿ, ಮನಿಗೆ ಹೋಗಮಿ" ಅಂದೆ. ದನಿ ದಿನಾ ಕರೆಯುವ ಹಾಗೆಯೇ ಬಂತು. ತಿರುಗಿ ನಡೆದೆ.

ಹಿಂದೆ ನೋಡುವಂತಿಲ್ಲ. ಆದರೆ ಹೊತ್ತು ಪಡುವಣಕ್ಕೆ ವಾಲಿತ್ತು, ನಾನು ಮೂಡಣಕ್ಕೆ ನಡೆಯುತ್ತಿದ್ದೆ. ನೆರಳುಗಳು ನನ್ನ ಮುಂದೆಯೇ ಬಿದ್ದಿದ್ದವು. ನನ್ನದು ಸಣ್ಣದು. ಅದರ ಮಗ್ಗುಲಲ್ಲಿ ಅಗಲ ಭುಜದ ಇನ್ನೊಂದು, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು. ಅಷ್ಟು ತಿಂಗಳು ಕೂತೇ ಇದ್ದದ್ದು ಎದ್ದು ನಡೆಯುತ್ತಿತ್ತು. ಬಜಾರಿನ ದಾರಿಯಲ್ಲಿ ಹೋದೆ. ಬೇರೆ ದಾರಿ ಇತ್ತು, ಆದರೆ ಅವನು ದಿನಾ ಬರುತ್ತಿದ್ದದ್ದು ಆ ದಾರಿಯಲ್ಲೇ. ಅಂಗಡಿಯವರು ಎದ್ದು ನಿಂತರು. ರಸ್ತೆಯಲ್ಲಿದ್ದವರು ನೆಲ ನೋಡಿ ಪಕ್ಕಕ್ಕೆ ಸರಿದರು. ಸೈಕಲ್ಲಿನವನೊಬ್ಬ ಇಳಿದು ಸೈಕಲ್ಲನ್ನು ಎತ್ತಿ ಕಟ್ಟೆಯ ಮೇಲಿಟ್ಟ.  ಅವನ ಅಂಗಡಿಯ ಮುಂದೆ ನಾನು ನಿಲ್ಲಲಿಲ್ಲ. ನೆರಳೂ ನಿಲ್ಲಲಿಲ್ಲ.

ಮಣ್ಣು ಮಾಡಿದ ಜಾಗದಲ್ಲಿ ಭಾವ, ಚಂದ್ರಾಮಪ್ಪ, ಓಣಿಯ ಜನ ಇದ್ದರು. ನಾನು ತಲೆಯ ಕಡೆ ನಿಂತೆ. ನನ್ನ ಕಾಲ ಬುಡದಿಂದ ಅವನ ನೆರಳು ಮುಂದೆ ಚಾಚಿ, ಮಣ್ಣಿನ ದಿಬ್ಬದ ಮೇಲೆ ಮಲಗಿತು. ಅಳತೆ ಸರಿಯಾಗಿತ್ತು. ಭಾವ ಕಲ್ಲು ಎತ್ತಿ ಇಟ್ಟ. ಇಟ್ಟ ಮೇಲೆ ದಿಬ್ಬದ ಮೇಲೆ ನನ್ನ ಸಣ್ಣ ನೆರಳು ಒಂದೇ ಇತ್ತು.

ಮೂರ್ನಾಲ್ಕು ಜನ ಮುದುಕಿಯರು ತಟ್ಟೆಯಲ್ಲಿ ನೀರು, ಬಟ್ಟೆ ಹಿಡಿದು ಕಾಯುತ್ತಿದ್ದರು. ಕುಂಕುಮ ಒರೆಸಬೇಕು, ಬಳೆ ತೆಗೆಯಬೇಕು. ಅದು ಗಂಡ ಸತ್ತವರೇ ಮಾಡುವ ಕೆಲಸ. ಒಬ್ಬಳು ನನ್ನ ಗದ್ದಕ್ಕೆ ಕೈ ಹಾಕಿದಳು. "ಮನ್ಯಾಗ ಆಗಲಿ ಯವ್ವ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ತಡೆಯಲಿಲ್ಲ.

ನನ್ನ ಬಾಗಿಲು ದಾಟಿ ಸಾಬಮ್ಮನ ಬಾಗಿಲಿಗೆ ಹೋದೆ. ಅವಳು ದಿಂಬಿಗೆ ಒರಗಿ ಕೂತಿದ್ದಳು. ಕಣ್ಣುಗಳು ನಿಧಾನವಾಗಿ ನನ್ನ ಕಡೆ ಬಂದವು.  ಮಂಚದ ಅಂಚನ್ನು ತಟ್ಟಿದಳು. ಕೂತೆ. ಬಳೆಗಳನ್ನು ಒಡೆಯದೆ, ನನ್ನ ಕೈಯನ್ನು ಹಿಸುಕಿ ಹಿಸುಕಿ ಒಂದೊಂದಾಗಿ ಜಾರಿಸಿ ತೆಗೆದು ದಿಂಬಿನ ಮಗ್ಗುಲಿಗೆ ಇಟ್ಟಳು. ಅಷ್ಟರಲ್ಲೇ ಅವಳಿಗೆ ದಣಿವಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ಮತ್ತೆ ತೆರೆದು, ತನ್ನ ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿದಳು.

ಬಾಗಿಲಲ್ಲಿ ಬಂದು ನಿಂತ ಭಾವ, "ಏ, ನೀ ಮಾಡಬಾರದು ಅದನ್ನ. ನೀ ಮುತ್ತೈದಿ" ಅಂದ.

"ನನಗ ಎಲ್ಲಾ ಗೊತ್ತದ" ಅಂದಳು ಸಾಬಮ್ಮ. "ಬ್ಯಾರೆಯವರ ಕೈಲೆ ಯಾಕ ಮಾಡಿಸ್ಕೋಬೇಕಾಕಿ? ನೀವು ಆ ಕಡಿ ಹೋಗ್ರಿ."

ಭಾವ ಹೋದ. ಅವಳು ಒಂದು ಕೈಯಿಂದ ನನ್ನ ತಲೆಯ ಹಿಂಭಾಗ ಹಿಡಿದು, ಇನ್ನೊಂದು ಕೈಯಿಂದ ಹಣೆ ಒರೆಸಿದಳು.  ಕುಂಕುಮ ನೀರಾಗಿ ಹುಬ್ಬಿಗೆ ಇಳಿಯಿತು, ಹುಬ್ಬಿನಿಂದ ಕೆಳಗೆ ಹರಿಯಿತು. ಅವನು ಸತ್ತ ದಿನದಿಂದ ಅಲ್ಲಿಯ ತನಕ ಬಾರದಿದ್ದ ಅಳು ಆಗ ಬಂತು, ನಿಲ್ಲಿಸಲಿಕ್ಕೆ ಆಗಲಿಲ್ಲ.

ಸಾಬಮ್ಮ ಕೈ ನಿಲ್ಲಿಸಿ ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

"ಕಣ್ಣಾಗ ಬಿತ್ತೇನು?"

"ಹೂಂ ಅಕ್ಕ" ಅಂದೆ. "ಬಿತ್ತು."

ಅವಳು ಸೆರಗಿನ ಒಣ ತುದಿಯನ್ನು ಉಂಡೆ ಮಾಡಿ, ಬಾಯಿಗೆ ಹಿಡಿದು ಉಸಿರು ಊದಿ ಬೆಚ್ಚಗೆ ಮಾಡಿ, ನನ್ನ ಕಣ್ಣಿಗೆ ಒತ್ತಿದಳು. ಒತ್ತಿ ಹಿಡಿದವಳು ಬೇಗ ತೆಗೆಯಲಿಲ್ಲ.